ಬಯಲುಸೀಮೆಯಿಂದ ನಡುಗಡ್ಡೆಗೆ: ಮೊದಲು ತಿಂಗಳು, ಆಮೇಲೆ ದ್ವೀಪ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯವರು ದ್ವೀಪ ನೋಡಲು ಹೊರಟಾಗ ಮೊದಲು ಕೇಳುವುದು ‘ಎಷ್ಟು ದೂರ’ ಎಂದು. ಆಮೇಲೆ ‘ಎಷ್ಟು ಖರ್ಚು’. ಇವೆರಡಕ್ಕೂ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ನಿಮಗೆ ಬಿಡುವು ಸಿಗುವುದು ಯಾವ ತಿಂಗಳಲ್ಲಿ? ನಡುಗಡ್ಡೆಯ ನೆಲ ವರ್ಷವಿಡೀ ಇದ್ದಲ್ಲೇ ಇರುತ್ತದೆ. ಅದನ್ನು ನಡುಗಡ್ಡೆ ಮಾಡಿರುವ ನೀರು ಮಾತ್ರ ತಿಂಗಳಿಗೊಂದು ಥರ. ಜೂನ್‌ನಲ್ಲಿ ಮಲ್ಪೆಗೆ ಹೋದವರಿಗೆ ದೋಣಿ ಸಿಗುವುದಿಲ್ಲ, ಏಪ್ರಿಲ್‌ನಲ್ಲಿ ಶಿವನಸಮುದ್ರಕ್ಕೆ ಹೋದವರಿಗೆ ಬಂಡೆ ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ. ಇಬ್ಬರೂ ಮನೆಗೆ ಬಂದು ದ್ವೀಪವನ್ನು ಬೈಯುತ್ತಾರೆ.

ಇದು ನಮಗೆ ತಟ್ಟನೆ ಹೊಳೆಯದಿರುವುದಕ್ಕೆ ಕಾರಣವಿದೆ. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿಗಳು ಹುಟ್ಟುವುದು ನಂದಿಬೆಟ್ಟದ ಆಸುಪಾಸಿನಲ್ಲೇ ಆದರೂ ಹೊಳೆಯ ಸ್ವಭಾವ ಬಲ್ಲವರು ನಮ್ಮಲ್ಲಿ ಕಡಿಮೆ. ನಾವು ಕೆರೆಯ ಜನ. ಕೆರೆ ತುಂಬಿದೆಯೋ ಬತ್ತಿದೆಯೋ ಎಂಬುದಷ್ಟೇ ನಮ್ಮ ಲೆಕ್ಕ. ಹೊಳೆಯೋ ಕಡಲೋ ಆದರೆ ತಿಂಗಳು, ಅಣೆಕಟ್ಟು, ಭರತ, ಇಳಿತ ಎಲ್ಲವನ್ನೂ ಕೇಳಬೇಕಾಗುತ್ತದೆ.

ಬಿಡುವಿಗೂ ನಮ್ಮಲ್ಲಿ ಅದರದೇ ಪಂಚಾಂಗವಿದೆ. ಶ್ರೀನಿವಾಸಪುರದ ಮಾವಿನ ತೋಟದವರನ್ನು ಮೇ ತಿಂಗಳಿನಿಂದ ಜುಲೈವರೆಗೆ ಕರೆಯುವ ಹಾಗಿಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆಹುಳು ಹಣ್ಣಾಗುವ ವಾರ ಮದುವೆಗೂ ಮನೆಯಿಂದ ಒಬ್ಬರೇ ಹೋಗುತ್ತಾರೆ. ರಾಗಿ ಕೊಯ್ಲು ಮುಗಿದು ಕಣ ಎತ್ತಿದ ಮೇಲೆ ಒಂದಿಷ್ಟು ಉಸಿರು. ಮಕ್ಕಳಿರುವ ಮನೆಗಳಿಗೆ ದಸರಾ, ಇಲ್ಲವೇ ಏಪ್ರಿಲ್–ಮೇ. ಈ ಲೆಕ್ಕವನ್ನು ಕೈಯಲ್ಲಿ ಹಿಡಿದು ಮುಂದಿನದನ್ನು ಓದಿ.

ಬೇಸಿಗೆ ರಜೆಗೆ: ಶ್ರೀರಂಗಪಟ್ಟಣ

ನನ್ನ ಮತ ಯಾವುದಕ್ಕೆ ಎಂದು ಮುಚ್ಚಿಡುವುದಿಲ್ಲ. ಒಂದೇ ದ್ವೀಪ ಸಾಕು, ಅದರಲ್ಲೇ ಊರು, ಇತಿಹಾಸ, ನೀರು ಮೂರೂ ಬೇಕು ಎನ್ನುವವರು ಶ್ರೀರಂಗಪಟ್ಟಣಕ್ಕೇ ಹೋಗಬೇಕು. ‘ಅದನ್ನು ಶಾಲೆಯ ಪ್ರವಾಸದಲ್ಲೇ ನೋಡಿದ್ದೇವಲ್ಲ’ ಎಂಬ ಉತ್ತರ ಬರುತ್ತದೆ. ಶಾಲೆಯ ಬಸ್ಸಿನವರು ತೋರಿಸಿದ್ದು ದೇವಸ್ಥಾನ, ದರಿಯಾ ದೌಲತ್, ಗುಂಬಜ್. ನಡುವೆ ಊಟ. ಅದೊಂದು ದ್ವೀಪ ಎಂಬುದು ಎಷ್ಟೋ ಮಕ್ಕಳ ಗಮನಕ್ಕೇ ಬಂದಿರುವುದಿಲ್ಲ. ಬಸ್ಸು ಸೇತುವೆ ದಾಟುವಾಗ ಅವರು ಅಂತ್ಯಾಕ್ಷರಿಯಲ್ಲಿರುತ್ತಾರೆ.

ಪಶ್ಚಿಮದ ತುದಿಯಲ್ಲಿ ಕಾವೇರಿ ಎರಡಾಗಿ ಸೀಳಿ, ಸುಮಾರು ಐದು ಕಿಲೋಮೀಟರ್ ಪೂರ್ವಕ್ಕೆ ಸಂಗಮದಲ್ಲಿ ಮತ್ತೆ ಕೂಡುತ್ತದೆ. ಒಂದು ತುದಿಯಲ್ಲಿ ಕೋಟೆ, ಇನ್ನೊಂದು ತುದಿಯಲ್ಲಿ ಗಂಜಾಂ. ಹೆದ್ದಾರಿ ಬಿಟ್ಟು ಕೋಟೆಗೋಡೆಯ ಹೊರಮೈಯನ್ನು ಹಿಡಿದು ನೀರಿನ ಕಡೆಯಿಂದ ನಡೆದರೆ ಊರು ಬೇರೆಯೇ ಆಗಿ ಕಾಣುತ್ತದೆ. ಟಿಪ್ಪುವಿನ ದೇಹ ಸಿಕ್ಕಿದ ಜಾಗ, ನೀರುಬಾಗಿಲು, ನದಿಯ ಮಗ್ಗುಲಿಗೇ ಇರುವ, ಇಂಗ್ಲಿಷ್ ಸೇನಾಧಿಕಾರಿ ಬೈಲಿಯ ಹೆಸರಿನ ಬಂದೀಖಾನೆ ಎಲ್ಲವೂ ಆ ಅಂಚಿನಲ್ಲೇ ಇವೆ.

ಮೇ ತಿಂಗಳನ್ನು ಬೇಕೆಂದೇ ಹೇಳುತ್ತಿದ್ದೇನೆ. 1791ರ ಮೇನಲ್ಲಿ ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸ್ ಇಲ್ಲಿಗೆ ಹತ್ತಿರದ ಅರಕೆರೆಯವರೆಗೆ ಬಂದು ಗೆದ್ದರೂ ಮಳೆ ಹಿಡಿದು, ದವಸ ಮುಗಿದು, ಭಾರದ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದಕ್ಕೆ ಹೋಗಬೇಕಾಯಿತು. ಅದೇ ವರ್ಷದ ಆರಂಭದಲ್ಲಿ ಅವನ ಸೈನ್ಯ ಬೆಂಗಳೂರಿಗೆ ಹೋಗಿದ್ದು ಕೋಲಾರ, ಹೊಸಕೋಟೆ ದಾರಿಯಲ್ಲಿ. 1799ರಲ್ಲಿ ಇಂಗ್ಲಿಷರು ಆ ಪಾಠ ಕಲಿತಿದ್ದರು. ಮುಂಗಾರು ಇಳಿದು ಹೊಳೆ ಏರುವುದರೊಳಗೆ ದಾಟಲೇಬೇಕೆಂದು ಮೇ 4ರ ಮಧ್ಯಾಹ್ನ ಕೋಟೆಯ ವಾಯವ್ಯ ಮೂಲೆಯ ಒಡಕಿನ ಮೇಲೆ ನುಗ್ಗಿದರು. ಆ ಮೂಲೆಯಲ್ಲಿ ಬೇಸಿಗೆಯಲ್ಲಿ ನಿಂತು ಕೆಳಗೆ ನೋಡಿ. ಬಂಡೆಗಳ ನಡುವೆ ಮೊಣಕಾಲುದ್ದ ನೀರು ಹರಿಯುತ್ತಿದ್ದರೆ ಅಷ್ಟು ದೊಡ್ಡ ಕೋಟೆಯನ್ನು ಹೇಗೆ ಹಿಡಿದರು ಎಂಬ ಪ್ರಶ್ನೆಗೆ ಪುಸ್ತಕ ತೆರೆಯಬೇಕಿಲ್ಲ. ಆಗಸ್ಟ್‌ನಲ್ಲಿ ಹೋದರೆ ಅದೇ ಜಾಗದಲ್ಲಿ ಕೆಂಪು ಪ್ರವಾಹ ನೋಡಿ ಇದು ಆಗುವ ಮಾತಲ್ಲ ಎನ್ನಿಸುತ್ತದೆ. ಈಗ ಮೇಲ್ಗಡೆ ಕನ್ನಂಬಾಡಿ ಕಟ್ಟೆ ಇರುವುದರಿಂದ ನೀರಿನ ಮಟ್ಟ ಕಟ್ಟೆಯವರ ಕೈಯಲ್ಲಿದೆ. ಆದರೂ ಬೇಸಿಗೆಯ ಬಂಡೆಗಳು ಸಾಮಾನ್ಯವಾಗಿ ಕಾಣುತ್ತವೆ.

ನಮ್ಮ ಜಿಲ್ಲೆಗಳ ಸಂಬಂಧವೂ ಈ ದ್ವೀಪಕ್ಕೆ ಗಟ್ಟಿಯಾಗಿದೆ. ಹೈದರಾಲಿ ಹುಟ್ಟಿದ್ದು ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ. ಅವನ ತಂದೆಯ ಗೋರಿ ಕೋಲಾರದ ಮಖಬರಾದಲ್ಲಿದೆ. 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಬಳಿ ಹೈದರ್ ತೀರಿಕೊಂಡಾಗ ದೇಹವನ್ನು ಮೊದಲು ಕೋಲಾರಕ್ಕೇ ತಂದು, ಆಮೇಲೆ ಗುಂಬಜ್‌ಗೆ ಸಾಗಿಸಿದರು. ತುಮಕೂರಿನವರದು ಇನ್ನೂ ಹತ್ತಿರದ ನಂಟು. ಟಿಪ್ಪು ತನ್ನ ಹೊಸ ಪೇಟೆ ಗಂಜಾಂ ತುಂಬಿಸಲು ಶಿರಾದಿಂದ ಸುಮಾರು 12,000 ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿ ತಂದನೆಂದು ಗೆಜೆಟಿಯರ್ ಬರೆಯುತ್ತದೆ. ಶಿರಾದವರು ಗಂಜಾಂ ಬೀದಿಗಳಲ್ಲಿ ಅಡ್ಡಾಡುವಾಗ ಇದು ನೆನಪಿರಲಿ. ಪ್ರವಾಸಿಗಳು ಗಂಜಾಂಗೆ ಹೋಗುವುದು ನಿಮಿಷಾಂಬ ದೇವಿಯ ದರ್ಶನಕ್ಕೆ. ಕೈಮುಗಿದು ಕಾರು ಹತ್ತುತ್ತಾರೆ. ದ್ವೀಪದ ಹಳ್ಳಿ ಎಂಬುದು ಇದ್ದರೆ ಅಲ್ಲೇ ಇರುವುದು: ದೇವಸ್ಥಾನದ ಹಿಂದಿನ ಬೀದಿಗಳು, ಹಳೆಯ ಚರ್ಚು, ಹೊಳೆಗೆ ಇಳಿಯುವ ಮೆಟ್ಟಿಲು, ಅಲ್ಲಿ ಬಟ್ಟೆ ಒಗೆಯುವವರ ಮಾತುಕತೆ.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಮೈಸೂರು ರೈಲುಮಾರ್ಗ ಜೋಡಿಯಾಗುವಾಗ ಟಿಪ್ಪುವಿನ ಒಂದು ಶಸ್ತ್ರಾಗಾರ ಹಳಿಗೆ ಅಡ್ಡ ಬಂತು. 2017ರಲ್ಲಿ ಅದನ್ನು ಕೆಡವದೆ, ಬುಡಸಮೇತ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಕೂರಿಸಿದರು. ಮಕ್ಕಳಿಗೆ ದರಿಯಾ ದೌಲತ್‌ನ ಚಿತ್ರಗಳಿಗಿಂತ ಇದೇ ಹೆಚ್ಚು ಹಿಡಿಸುತ್ತದೆ. ಹಾಗೆಂದು 1784ರ ಆ ಮರದ ಅರಮನೆಯನ್ನು ಬಿಡಬೇಡಿ. ಹೈದರ್, ಟಿಪ್ಪು ಇಂಗ್ಲಿಷರನ್ನು ಸೋಲಿಸಿದ ಪೊಳ್ಳಿಲೂರು ಯುದ್ಧದ ಗೋಡೆಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಂತು ಪಲ್ಲಕ್ಕಿಯಲ್ಲಿ ಕುಳಿತಿರುವ ಬೈಲಿಯನ್ನು ಹುಡುಕಿ.

ತುಮಕೂರಿನವರು ಇದಕ್ಕಾಗಿ ಬೆಂಗಳೂರಿನ ಸಂದಣಿಗೆ ಸಿಕ್ಕಿಕೊಳ್ಳಬೇಕಿಲ್ಲ. ಕುಣಿಗಲ್, ನಾಗಮಂಗಲ, ಪಾಂಡವಪುರ ದಾಟಿದರೆ ಬಂತು. ಕೋಲಾರ, ಚಿಕ್ಕಬಳ್ಳಾಪುರದವರಿಗೆ ಬೆಂಗಳೂರು ತಪ್ಪದು. ಸ್ವಂತ ವಾಹನಕ್ಕಿಂತ ರೈಲು ವಾಸಿ. ಶ್ರೀರಂಗಪಟ್ಟಣದ ನಿಲ್ದಾಣ ದ್ವೀಪದ ಮೇಲೇ ಇದೆ, ಆದರೆ ವೇಗದ ರೈಲುಗಳೆಲ್ಲ ಅಲ್ಲಿ ನಿಲ್ಲುವುದಿಲ್ಲ, ನೋಡಿಕೊಂಡು ಹತ್ತಿ. ಬಿಸಿಲು ಜೋರಿರುವುದರಿಂದ ಬೆಳಗ್ಗೆ ಕೋಟೆಯ ಅಂಚು, ಮಧ್ಯಾಹ್ನ ನೆರಳಿರುವ ಕಟ್ಟಡಗಳು, ಸಂಜೆ ಸಂಗಮ ಎಂದು ಹಂಚಿಕೊಳ್ಳಿ. ಸಂಗಮದಲ್ಲಿ ನೀರು ಸಾಧುವಾಗಿ ಕಾಣುತ್ತದೆ. ಕಂಡಷ್ಟು ಸಾಧುವಲ್ಲ. ಮಕ್ಕಳನ್ನು ದಂಡೆಯಲ್ಲೇ ಇರಿಸಿಕೊಳ್ಳಿ.

ಮಳೆಗಾಲಕ್ಕೆ: ಶಿವನಸಮುದ್ರ

ಕಾವೇರಿಯ ನಡುಗಡ್ಡೆಗಳಲ್ಲಿ ಮೂವರು ರಂಗನಾಥರು ಮಲಗಿದ್ದಾರೆ. ಶ್ರೀರಂಗಪಟ್ಟಣದಲ್ಲಿ ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ಮೂವರನ್ನೂ ಒಂದೇ ದಿನದಲ್ಲಿ ನೋಡಿದರೆ ಪುಣ್ಯ ಎಂಬ ನಂಬಿಕೆಯಿಂದ ಬೆಳಗಿನ ಜಾವ ಹೊರಟು ರಾತ್ರಿ ಶ್ರೀರಂಗ ತಲುಪುವವರಿದ್ದಾರೆ. ಪುಣ್ಯ ಬರಬಹುದು, ದ್ವೀಪ ಮಾತ್ರ ಒಂದೂ ಕಾಣುವುದಿಲ್ಲ. ಶ್ರೀರಂಗಕ್ಕೆ ಹೋಗುವುದಾದರೆ ಅದಕ್ಕೆಂದೇ ಎರಡು ದಿನ ಇಟ್ಟುಕೊಳ್ಳಿ. ಕಾವೇರಿ ಮತ್ತು ಕೊಳ್ಳಿಡಂ ನಡುವಿನ ಆ ದ್ವೀಪದಲ್ಲಿ ಏಳು ಪ್ರಾಕಾರಗಳ ಒಳಗೇ ಊರು ಬದುಕುತ್ತದೆ. ಗುಡಿಯ ಶಾಸನಗಳಲ್ಲಿ ಕನ್ನಡದವೂ ಇವೆ. ಅದು ಯಾತ್ರೆಯ ಲೆಕ್ಕದ್ದು, ಇಲ್ಲಿಗೆ ಬಿಡುತ್ತೇನೆ.

ಶಿವನಸಮುದ್ರದಲ್ಲಿ ಹೊಳೆ ದ್ವೀಪವನ್ನು ಬಳಸಿ ಎರಡು ಕಡೆ ಧುಮುಕುತ್ತದೆ. ಮಂಡ್ಯ ಜಿಲ್ಲೆಯ ಕಡೆ ಗಗನಚುಕ್ಕಿ, ಚಾಮರಾಜನಗರದ ಕಡೆ ಭರಚುಕ್ಕಿ. ಜುಲೈನಿಂದ ಅಕ್ಟೋಬರ್‌ವರೆಗೆ, ಅದರಲ್ಲೂ ಕೆಆರ್‌ಎಸ್ ಮತ್ತು ಕಬಿನಿಯಿಂದ ನೀರು ಬಿಟ್ಟ ಸುದ್ದಿ ಪತ್ರಿಕೆಯಲ್ಲಿ ಬಂದ ವಾರ, ಅದರ ಸೊಬಗನ್ನು ನೋಡಿಯೇ ನಂಬಬೇಕು. ದಸರಾ ರಜೆಗೆ ಇದೇ ಸರಿಯಾದ ಆಯ್ಕೆ. ಬೇಸಿಗೆಯಲ್ಲಿ ಬೇಡ. ಇದ್ದಷ್ಟು ನೀರನ್ನೂ ಮೇಲಿನಿಂದಲೇ ಕಾಲುವೆಗೆ ತಿರುಗಿಸಿ ವಿದ್ಯುದಾಗಾರಕ್ಕೆ ಒಯ್ಯುವುದರಿಂದ ಜಲಪಾತ ದಾರವಾಗಿಬಿಡುತ್ತದೆ.

ಆ ವಿದ್ಯುದಾಗಾರದ ಬಗ್ಗೆ ಕೋಲಾರದವರು ತಕರಾರು ಮಾಡುವ ಹಾಗಿಲ್ಲ, ಏಕೆಂದರೆ ಅದನ್ನು ಕಟ್ಟಿದ್ದೇ ನಮ್ಮ ಚಿನ್ನದ ಗಣಿಗಾಗಿ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಯೋಜನೆ ಮೊದಲಾಗಿ, 1902ರ ಜೂನ್ ಕೊನೆಯಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ವಿದ್ಯುತ್ ಹರಿಯಿತು. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ಮಾರ್ಗಗಳ ಸಾಲಿಗೆ ಸೇರಿದ್ದು ಅದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. ಗಣಿ ಮುಚ್ಚಿದ್ದು 2001ರಲ್ಲಿ. ಅದಕ್ಕಾಗಿ ಹುಟ್ಟಿದ ವಿದ್ಯುದಾಗಾರ ಅದಕ್ಕಿಂತ ಹೆಚ್ಚು ಬಾಳಿತು. ಊರಿನವರು ‘ಬ್ಲಫ್’ ಎಂದೇ ಕರೆಯುವ ಆ ಕಡೆಯ ಕಾಲೋನಿ ದ್ವೀಪದ ಹೊರಗಿದೆ. ಆಗಾರದ ಒಳಗೆ ಹೋಗಲು ಅನುಮತಿ ಬೇಕು, ಸುಮ್ಮನೆ ಗೇಟಿನ ಮುಂದೆ ನಿಂತರೆ ಬಿಡುವುದಿಲ್ಲ.

ಗಗನಚುಕ್ಕಿಯ ಪ್ರಸಿದ್ಧ ನೋಟ ಸಿಗುವುದು ಮಳವಳ್ಳಿ ಕಡೆಯ ಕಟ್ಟೆಯಿಂದ. ಅಲ್ಲಿಂದ ನೋಡಿ ಹಿಂತಿರುಗಿದವರು ದ್ವೀಪದ ಮೇಲೆ ಕಾಲಿಟ್ಟಿರುವುದೇ ಇಲ್ಲ. ಸೇತುವೆ ದಾಟಿ ಒಳಗೆ ಹೋದರೆ ಮಧ್ಯರಂಗನ ಗುಡಿ, ಸೋಮೇಶ್ವರ, ಮೀನಾಕ್ಷಿ, ಜಲಪಾತದ ಅಂಚಿನಲ್ಲಿ ದರ್ಗಾ. ವಿಜಯನಗರದ ಕೃಷ್ಣದೇವರಾಯ ಪಟ್ಟವೇರಿದ ಹೊಸತರಲ್ಲಿ ಉಮ್ಮತ್ತೂರಿನ ಗಂಗರಾಜನ ಮೇಲೆ ದಂಡೆತ್ತಿ ಬಂದಾಗ ಗಂಗರಾಜನ ಕೊನೆಯ ನೆಲೆ ಇದೇ ಆಗಿತ್ತು, ಓಡಿಹೋಗುವಾಗ ಅವನು ಕಾವೇರಿಯಲ್ಲೇ ಮುಳುಗಿದ. ಕೋಟೆಯ ಕುರುಹು ಹುಡುಕಿದರೆ ನಿರಾಸೆಯಾದೀತು. ಇಲ್ಲಿ ಇತಿಹಾಸ ಎಣಿಸಿದಷ್ಟು ಕಣ್ಣಿಗೆ ಬೀಳುವುದಿಲ್ಲ. ನೋಟಕ್ಕೆ ಹತ್ತಕ್ಕೆ ಹತ್ತು, ಊರಿಗೆ ಐದು ಅಂಕ ಕೊಡಬಹುದು. ಭರಚುಕ್ಕಿಯಲ್ಲಿ ತೀರ ಕೆಳಗಿನವರೆಗೆ ಮೆಟ್ಟಿಲುಗಳಿವೆ, ಹತ್ತಿ ಬರುವುದು ವಯಸ್ಸಾದವರಿಗೆ ಕಷ್ಟ.

ತುಮಕೂರಿನಿಂದ ಕುಣಿಗಲ್, ಹುಲಿಯೂರುದುರ್ಗ, ಮದ್ದೂರು, ಮಳವಳ್ಳಿ ದಾರಿ. ಕೋಲಾರದವರು ಬೆಂಗಳೂರು ದಾಟಿ ಕನಕಪುರ ರಸ್ತೆ ಹಿಡಿಯಬಹುದು. ಬೆಳಗ್ಗೆ ಬೇಗ ಹೊರಟರೆ ಅಂದೇ ಮನೆ ಸೇರಬಹುದು.

ಚಳಿಗಾಲಕ್ಕೆ: ಮಲ್ಪೆಯ ದ್ವೀಪ, ಜೊತೆಗೆ ಉಪ್ಪಿನಕುದ್ರು

ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಬೇಕೆನ್ನುವವರಿಗೆ ಮೊದಲೇ ಹೇಳಬೇಕಾದದ್ದು: ಅಲ್ಲಿ ಊರಿಲ್ಲ. ಮನೆಯಿಲ್ಲ, ಉಳಿಯುವಂತಿಲ್ಲ, ದೋಣಿಯವರು ಹೇಳಿದ ಹೊತ್ತಿಗೆ ವಾಪಸಾಗಬೇಕು. ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿಳಿದು ಶಿಲುಬೆ ನೆಟ್ಟನೆಂಬ ಪ್ರತೀತಿ ಬಿಟ್ಟರೆ ಮನುಷ್ಯರ ಇತಿಹಾಸವೂ ಕಡಿಮೆ. ಇಲ್ಲಿ ನೋಡಬೇಕಾದ್ದು ಕಲ್ಲು.

ನಮ್ಮವರಿಗೆ ಆ ಕಲ್ಲು ಬೇಗ ಅರ್ಥವಾಗುತ್ತದೆ. ಬತ್ತಿದ ಕೆರೆಯ ಅಂಗಳದ ಜೇಡಿ ಒಣಗಿ ಐದು ಮೂಲೆ, ಆರು ಮೂಲೆಯ ಬಿಲ್ಲೆಗಳಾಗಿ ಬಿರಿಯುತ್ತದಲ್ಲ, ಲಾವಾ ಆರಿ ಕುಗ್ಗಿದಾಗ ಆಗಿರುವುದೂ ಅದೇ ಬಿರುಕು. ವ್ಯತ್ಯಾಸವೆಂದರೆ ಇಲ್ಲಿ ಬಿರುಕು ಮೇಲ್ಮೈಯಲ್ಲಿ ನಿಲ್ಲದೆ ಆಳಕ್ಕಿಳಿದು ಇಡೀ ಬಂಡೆಯನ್ನು ಕಂಬಗಳ ಕಟ್ಟಾಗಿಸಿದೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಡುವ ಕಾಲದ ಕಲ್ಲು ಇದು ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಕಂಬದ ತಲೆಯ ಮೇಲೆ ಅಂಗೈ ಇಟ್ಟು ಮೂಲೆಗಳನ್ನು ಎಣಿಸಿ, ಎಲ್ಲಕ್ಕೂ ಆರೇ ಇರುವುದಿಲ್ಲ. ಅಂದಹಾಗೆ, ಈ ದ್ವೀಪಕ್ಕೆ ಸಿಕ್ಕಿರುವ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕದ ಪಟ್ಟ ಕೋಲಾರ ಜಿಲ್ಲೆಯ ಪೆದ್ದಪಲ್ಲಿಯ ಜ್ವಾಲಾಮುಖಿ ಕಲ್ಲಿಗೂ ಸಿಕ್ಕಿದೆ. ಅದನ್ನು ನೋಡಲು ದೋಣಿ ಬೇಡ, ಸಾಲೂ ಇಲ್ಲ. ಹೋಗುವವರೂ ಇಲ್ಲ.

ದೋಣಿಗಳು ಮಲ್ಪೆಯಿಂದ ಸಾಮಾನ್ಯವಾಗಿ ಅಕ್ಟೋಬರಿನಲ್ಲಿ ಶುರುವಾಗಿ ಮೇವರೆಗೆ ಓಡುತ್ತವೆ. ಮಳೆಗಾಲದಲ್ಲಿ ಬಂದ್. ಕಡಲು ಒರಟಾದರೆ ನಡುವೆಯೂ ನಿಲ್ಲಿಸುತ್ತಾರೆ. ಡಿಸೆಂಬರ್‌, ಜನವರಿಯಲ್ಲಿ, ರಾಗಿ ಕಣ ಮುಗಿದ ಮೇಲೆ, ವಾರದ ನಡುವಿನ ದಿನ ಮೊದಲ ದೋಣಿ ಹಿಡಿಯಿರಿ. ನೆರಳು ಕಡಿಮೆ, ಟೋಪಿ ಇರಲಿ. ಬಂಡೆಗಳ ಬಳಿ ಈಜುವುದು ಅಪಾಯ.

ಇಷ್ಟಕ್ಕೇ ಘಟ್ಟ ಇಳಿದು ಹೋಗುವುದು ದುಬಾರಿ ಎನ್ನಿಸಿದರೆ ನನಗೂ ಹಾಗೇ ಅನ್ನಿಸುತ್ತದೆ. ಆದ್ದರಿಂದ ಕುಂದಾಪುರದ ಕಡೆಗೊಂದು ದಿನ ಸೇರಿಸಿ. ಪಂಚಗಂಗಾವಳಿಯ ಅಳಿವೆಯಲ್ಲಿ ಹತ್ತಾರು ಕುದ್ರುಗಳಿವೆ, ಅಂದರೆ ಹೊಳೆಯ ನಡುಗಡ್ಡೆಗಳು, ಅವುಗಳಲ್ಲಿ ಉಪ್ಪಿನಕುದ್ರು ರಸ್ತೆಯಲ್ಲೇ ತಲುಪಬಹುದಾದ ಊರು. ಯಕ್ಷಗಾನದ ಸೂತ್ರದ ಗೊಂಬೆಯಾಟವನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದ ಕೊಗ್ಗ ಕಾಮತರ ಮನೆತನ ಇಲ್ಲಿಯದು. ಯಕ್ಷಗಾನದ ಬಡಗಣ ಶೈಲಿಯಾದ ಬಡಗುತಿಟ್ಟಿನ ವೇಷವನ್ನೇ ತೊಟ್ಟ ಮರದ ಗೊಂಬೆಗಳು ಚಂಡೆಯ ಪೆಟ್ಟಿಗೆ ಹೆಜ್ಜೆ ಹಾಕುವುದನ್ನು, ಮೇಲೆ ದಾರ ಹಿಡಿದ ಬೆರಳುಗಳ ಸಮೇತ ನೋಡಲು ಸಿಕ್ಕರೆ ಅದೃಷ್ಟ. ಆಟ ದಿನಾ ಇರುವುದಿಲ್ಲ, ಮೊದಲೇ ವಿಚಾರಿಸಿ. ಆಟ ಇಲ್ಲದಿದ್ದರೂ ತೆಂಗು, ಗದ್ದೆ, ಹಿನ್ನೀರಿನ ಅಂಚಿನಲ್ಲಿ ಒಂದು ಮಧ್ಯಾಹ್ನ ಕಳೆಯುವುದು ನಷ್ಟವಲ್ಲ. ಮೇರೀಸ್‌ನಲ್ಲಿ ಸಿಗದ ಊರು ಇಲ್ಲಿ ಸಿಗುತ್ತದೆ.

ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ರೈಲು ರಾತ್ರಿಯ ಪಯಣ, ಉಡುಪಿ, ಕುಂದಾಪುರ ಎರಡರಲ್ಲೂ ನಿಲ್ಲುತ್ತದೆ. ತುಮಕೂರಿನವರು ಕಾರಿನಲ್ಲಿ ಹಾಸನ, ಶಿರಾಡಿ ಘಾಟಿ ಮೂಲಕ ಹೋಗುತ್ತಾರೆ. ಮಳೆಗಾಲದಲ್ಲಿ ಗುಡ್ಡ ಜರಿದು ಆ ರಸ್ತೆ ಮುಚ್ಚುವುದುಂಟು.

ದೂರ ಹೋಗಲು ತಯಾರಿದ್ದರೆ

ಕೇರಳದ ಕೊಲ್ಲಂ ಬಳಿಯ ಮನ್ರೋ ತುರುತ್ತು (ಮನ್ರೋ ದ್ವೀಪ) ಈ ಪಟ್ಟಿಗೆ ಬರಲು ನೆವ ಬಂಗಾರಪೇಟೆ ನಿಲ್ದಾಣ. ಸಂಜೆ ಬೆಂಗಳೂರು ಬಿಟ್ಟು ಬಂಗಾರಪೇಟೆ, ಕುಪ್ಪಂ ದಾಟಿ ಕನ್ಯಾಕುಮಾರಿಗೆ ಹೋಗುವ ರೈಲನ್ನು ಹಳಬರು ಇಂದಿಗೂ ‘ಐಲ್ಯಾಂಡ್ ಎಕ್ಸ್‌ಪ್ರೆಸ್’ ಎನ್ನುತ್ತಾರೆ. ಹಿಂದೆ ಅದು ಕೊಚ್ಚಿಯ ವಿಲಿಂಗ್ಡನ್ ದ್ವೀಪಕ್ಕೆ ಹೋಗುತ್ತಿದ್ದುದರಿಂದ ಬಂದ ಹೆಸರು. ಕೋಲಾರದವರು ಬೆಂಗಳೂರಿಗೆ ಹೋಗದೆ ಹತ್ತಬಹುದಾದ ದ್ವೀಪದ ರೈಲು ಇದು. ಮರುದಿನ ಕೊಲ್ಲಂನಲ್ಲಿ ಇಳಿದು ಮುಂದೆ ಬಸ್ಸು ಅಥವಾ ಸ್ಥಳೀಯ ರೈಲು. 1988ರ ಜುಲೈ 8ರಂದು ಇದೇ ರೈಲು ಪೆರುಮಣ್ ಸೇತುವೆಯಿಂದ ಅಷ್ಟಮುಡಿ ಹಿನ್ನೀರಿಗೆ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತರು. ಆ ಸೇತುವೆ ಮನ್ರೋ ತುರುತ್ತುವಿನ ಮಗ್ಗುಲಲ್ಲೇ ಇದೆ.

ತಿರುವಾಂಕೂರಿನಲ್ಲಿ ಬ್ರಿಟಿಷರ ಪ್ರತಿನಿಧಿ (ರೆಸಿಡೆಂಟ್) ಆಗಿದ್ದ ಕರ್ನಲ್ ಜಾನ್ ಮನ್ರೋನ ಹೆಸರು ಹೊತ್ತ, ಕಲ್ಲಡ ಹೊಳೆ ಅಷ್ಟಮುಡಿ ಸೇರುವಲ್ಲಿ ಮೂಡಿದ ಸಣ್ಣ ದ್ವೀಪಗಳ ಗುಂಪು ಇದು. ಊರು ನೋಡಬೇಕೆನ್ನುವವರಿಗೆ ಇದಕ್ಕೆ ಸಾಟಿ ಮೇಲಿನ ಯಾವುದೂ ಅಲ್ಲ. ಕಿರಿದಾದ ತೋಡುಗಳಲ್ಲಿ ಗಳ ಒತ್ತುವ ದೋಣಿಯಲ್ಲಿ ಬೆಳಗಿನ ಜಾವ ಕುಳಿತರೆ ಜನರ ಹಿತ್ತಲು, ನಾರಿನ ಹಗ್ಗ ಹೊಸೆಯುವ ಮನೆ, ಅಂಗಳ, ಹಸು ಎಲ್ಲ ಕೈಗೆಟುಕುವಷ್ಟು ಹತ್ತಿರ ಹಾದುಹೋಗುತ್ತವೆ. ಕಾಣಬೇಕಾದ ಇನ್ನೊಂದು ವಿಷಯವೂ ಇದೆ: ಗೋಡೆಗಳ ಮೇಲೆ ಉಪ್ಪುನೀರಿನ ಗೆರೆ. ಭರತದ ನೀರು ಮನೆಯೊಳಗೆ ಬರುತ್ತದೆ, ನೆಲ ಕುಸಿಯುತ್ತಿದೆ, ಎಷ್ಟೋ ಕುಟುಂಬಗಳು ಊರು ಬಿಟ್ಟಿವೆ. ಮೇಲ್ಗಡೆ ಕಲ್ಲಡ ಹೊಳೆಗೆ ಅಣೆಕಟ್ಟು ಬಂದ ಮೇಲೆ ದ್ವೀಪವನ್ನು ಕಟ್ಟುತ್ತಿದ್ದ ಹೂಳು ಬರುವುದು ಕಡಿಮೆಯಾದದ್ದು ಒಂದು ಕಾರಣ. ನೀವು ಹೋಗುವುದು ಜನ ಕಷ್ಟದಲ್ಲಿರುವ ಊರಿಗೆ. ಹಿತ್ತಲಿನ ಕಡೆ ಮೊಬೈಲ್ ಎತ್ತುವ ಮುಂಚೆ ಕೇಳಿ, ಊಟ ಅಲ್ಲಿಯ ಮನೆಗಳಲ್ಲೇ ಮಾಡಿ. ಡಿಸೆಂಬರಿನಿಂದ ಫೆಬ್ರವರಿವರೆಗೆ ಹವೆ ಹಿತ. ಕನಿಷ್ಠ ಎರಡು ರಾತ್ರಿ ಇಲ್ಲದಿದ್ದರೆ ಹೋಗಬೇಡಿ, ರೈಲಿನ ಬಳಲಿಕೆಗೇ ಒಂದು ದಿನ ಹೋಗುತ್ತದೆ.

ಕೊನೆಯದಾಗಿ, ದತ್ತಭಕ್ತರ ಮನೆಗಳಲ್ಲಿ ಕೇಳಿಬರುವ ಹೆಸರು ರಾಯಚೂರು ಜಿಲ್ಲೆಯ ಕುರುವಗಡ್ಡೆ, ಅಂದರೆ ಕುರುವಪುರ. ಕೃಷ್ಣೆಯ ನಡುವಿನ ಈ ಗಡ್ಡೆಯಲ್ಲಿ ಶ್ರೀಪಾದ ಶ್ರೀವಲ್ಲಭರ ಸನ್ನಿಧಿ, ದೊಡ್ಡ ಆಲದ ಮರ, ಒಂದು ಗುಹೆ, ಸಣ್ಣ ಊರು. ಚಿಕ್ಕಬಳ್ಳಾಪುರದವರಿಗೆ ಹೈದರಾಬಾದ್ ಹೆದ್ದಾರಿ ಮನೆ ಮುಂದೆಯೇ ಇರುವುದರಿಂದ ಕರ್ನೂಲಿನವರೆಗೆ ಅದರಲ್ಲೇ ಹೋಗಿ ರಾಯಚೂರಿನತ್ತ ತಿರುಗಬಹುದು. ವಸತಿ, ಊಟ ಎಲ್ಲ ಸರಳ, ಪ್ರವಾಸಿ ಸೌಕರ್ಯ ನಿರೀಕ್ಷಿಸಬೇಡಿ. ಚಳಿಗಾಲ ಒಳ್ಳೆಯದು. ಜುಲೈ, ಆಗಸ್ಟ್‌ನಲ್ಲಿ ಹೊರಡುವುದಾದರೆ ನಾರಾಯಣಪುರ ಜಲಾಶಯದಿಂದ ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆಂದು ನೋಡಿಕೊಂಡು ಹೊರಡಿ. ಹೊಳೆ ಏರಿದರೆ ದೋಣಿ ನಿಲ್ಲುತ್ತದೆ, ಆಚೆ ಹೋದವರು ನೀರು ಇಳಿಯುವವರೆಗೆ ಅಲ್ಲೇ ಇರಬೇಕಾಗುತ್ತದೆ.